ವೀಸಾ ಸಾಹೇಬರ ಮುಂದೆ ವರಪರೀಕ್ಷೆ

ವಿಲಾಯತಿಯ ದೊಡ್ಡ ಆಸ್ಪತ್ರೆಯೊಂದು ಆರು ತಿಂಗಳು ಬಂದು ಕೆಲಸ ಕಲಿಯಲು ನನಗೆ ಒಪ್ಪಿಗೆ ಕೊಟ್ಟಿತು. ಇನ್ನು ವೀಸಾ ತಾನೇ, ಬಸ್ ಟಿಕೀಟಿನ ಹಾಗೆ ಕೇಳಿದರೆ ಕೊಡುತ್ತಾರೆ ಎಂದುಕೊಂಡೆ. ಎಪ್ಪತ್ತರ ದಶಕದ ಕೊನೆಯ ಮಾತಿದು. ಭಾಗ್ಯನಗರವೆಂಬ ನಮ್ಮ ಪುಟ್ಟ ಊರಿನಲ್ಲಿ ನನ್ನದೊಂದು ಸಣ್ಣ ದವಾಖಾನೆ. ಎದೆನೋವು ಎಂದು ಬಂದವರಿಗೆ ಹುಬ್ಬಳ್ಳಿಗೆ ಚೀಟಿ ಬರೆದು ಕೊಡುವಲ್ಲಿಗೆ ನನ್ನ ವಿದ್ಯೆ ಮುಗಿಯುತ್ತಿತ್ತು. ಅದು ಸಾಕಾಗಿ ಹೋಗಿತ್ತು. ಹೃದಯದ ಚಿಕಿತ್ಸೆ ಕಲಿತು ಬಂದು ಇಲ್ಲೇ ಮಾಡಬೇಕು ಎಂಬ ಚಡಪಡಿಕೆಯಲ್ಲಿ ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ರೋಗಿಯ ನಾಡಿ ಹಿಡಿದರೂ ಕಣ್ಣು ಪೋಸ್ಟ್‌ಮನ್ ಬರುವ ದಾರಿಯ ಮೇಲೆಯೇ ಇರುತ್ತಿತ್ತು.

ಮದ್ರಾಸಿನ ವೀಸಾ ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂದದ್ದೇ ತಡ, ಕುಷ್ಟಗಿಯಿಂದ ಸೋದರಮಾವ ಬಸಣ್ಣ ಓಡಿ ಬಂದರು. ಯಲಬುರ್ಗಾ ಸೀಮೆಯ ಅರ್ಧಕ್ಕರ್ಧ ಮದುವೆಗಳನ್ನು ಕುದುರಿಸಿದ ಮಹನೀಯರು.

"ಅಳಿಯಾ, ಇದೂ ಹೆಣ್ಣು ಕೇಳಾಕ ಹೋದಂಗನ ಐತಿ," ಎಂದರು. "ಕೊಡೋರು ಏನು ನೋಡ್ತಾರ? ಹುಡುಗನ ತಲಿ ಮ್ಯಾಲ ಭಾರ ಎಷ್ಟೈತಿ ಅಂತ ನೋಡ್ತಾರ. ಹೊಲ, ಮುದುಕರು, ಸಂಸಾರ, ಎಲ್ಲಾ ಹಗರ ಮಾಡಿ ಹೇಳು. ಎಲ್ಲಿಟ್ಟರೂ ಹೊಂದಿಕೊಂಡು ಇರ್ತೀನಿ ಅನ್ನು."

ಹೆಂಡತಿ ಗಿರಿಜಾ ಕೂಸನ್ನು ತಟ್ಟುತ್ತ, "ಇದ್ದದ್ದು ಇದ್ದಂಗ ಹೇಳ್ರಿ, ಸಾಕು," ಎಂದಳು. ಒಂದೂ ಮದುವೆ ಕುದುರಿಸದವಳ ಮಾತು ಯಾರು ಕೇಳುತ್ತಾರೆ!

ಮಾವ ಜೊತೆಗೇ ಹೊರಟರು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಮದ್ರಾಸು ಮುಟ್ಟುವವರೆಗೂ ನನ್ನಿಂದ ಅದೇ ಪಾಠ ಒಪ್ಪಿಸಿಕೊಂಡರು.

ವೀಸಾ ಸಾಹೇಬರು ಸೌಮ್ಯ ಮನುಷ್ಯ. ಜಮೀನು ಇದೆಯೇ ಎಂದು ಕೇಳಿದರು.

"ಹುಲಿಹೈದರದಲ್ಲಿದೆ. ಅಣ್ಣ ನೋಡಿಕೊಳ್ಳುತ್ತಾನೆ, ನನಗೆ ಅದರ ಗೊಡವೆಯೇ ಇಲ್ಲ."

"ತಂದೆತಾಯಿ?"

"ಅವರೂ ಅಣ್ಣನ ಪಾಲಿಗೆ."

"ಹೆಂಡತಿ, ಮಗು?"

"ತವರಿನಲ್ಲಿರುತ್ತಾರೆ, ಎಷ್ಟು ವರ್ಷ ಬೇಕಾದರೂ."

"ನಿಮ್ಮ ದವಾಖಾನೆ?"

"ಮುಚ್ಚಿದರೆ ಕೇಳುವವರಿಲ್ಲ."

ಸಾಹೇಬರು ಪೆನ್ನು ಕೆಳಗಿಟ್ಟರು. ಸಂಬಂಧ ಕುದುರಿತು ಎಂದುಕೊಂಡೆ.

"ಸರಿ, ಆರು ತಿಂಗಳಾದ ಮೇಲೆ?"

"ನನ್ನದು ಹೊಂದಿಕೊಳ್ಳುವ ಸ್ವಭಾವ ಸರ್. ಎಲ್ಲಿಟ್ಟರೂ ಇದ್ದುಬಿಡುತ್ತೇನೆ."

ಅವರು ನಕ್ಕರು. ನಾನೂ ನಕ್ಕೆ. ವೀಸಾ ಕೊಡಲಿಲ್ಲ!

"ಡಾಕ್ಟರೇ, ನೀವು ಊರಿಗೆ ಮರಳುತ್ತೀರಿ ಎನ್ನಲು ನನಗೆ ಒಂದಾದರೂ ಕಾರಣ ಬೇಕಿತ್ತು," ಎಂದರು ಮೃದುವಾಗಿ. "ಇದ್ದಬದ್ದ ಕಾರಣಗಳನ್ನೆಲ್ಲ ನೀವೇ ತೆಗೆದುಹಾಕಿದಿರಿ."

ಹೊರಗೆ ಮಾವ ಪೇಡೆಯ ಪೊಟ್ಟಣ ಬಿಚ್ಚಿಕೊಂಡು ನಿಂತಿದ್ದರು. ಸುದ್ದಿ ಕೇಳಿ, "ನಮ್ಮ ಮನಿತನ ಅವರಿಗೆ ಹಿಡಿಸಲಿಲ್ಲ ಕಾಣ್ತೈತಿ," ಎಂದು ಪೇಡೆಯನ್ನು ತಮ್ಮ ಬಾಯಿಗೇ ಹಾಕಿಕೊಂಡರು.

ಊರಿಗೆ ಬಂದು ಗಿರಿಜಾಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೂಸನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ಮನ್ಯಾಗ ಹೇಣ್ತಿ ಕೂಸು ಅದಾವ, ಬರಲೇಬೇಕು ಅಂತ ಒಂದು ಮಾತು ಅನ್ನಾಕ ಆಗಲಿಲ್ಲೇನ್ರಿ?"

ವೀಸಾ ತಪ್ಪಿದ್ದಕ್ಕಿಂತ ಆ ಮಾತಿಗೇ ನನಗೆ ಹೆಚ್ಚು ನೋವಾಯಿತು. ಆಸ್ಪತ್ರೆಯವರು ನನ್ನ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟರು. ನಾನು ದವಾಖಾನೆಯ ಬಾಗಿಲು ತೆಗೆದು ಕೂತೆ.

ಆರು ತಿಂಗಳಿಗೆ ನಾನು ಮರಳಿ ಬಂದೇನು ಎಂದು ಸಾಹೇಬರು ಕೊನೆಗೂ ನಂಬಲಿಲ್ಲ. ನಾನು ವಾರ ತುಂಬುವುದರೊಳಗೇ ಬಂದು ತೋರಿಸಿದೆ!