ಊಟಿಗೆ ನಾವಿಬ್ಬರೇ, ಜೊತೆಗೆ ಅತ್ತೆ

ನಮ್ಮ ಮನೆಯವರು ಪೇಟೆಗೆ ಹೋಗಿ ಒಂದು ಕಟ್ಟು ಬಸಳೆ ತರುವುದಾದರೂ ದಾರಿಯಲ್ಲಿ ಎಂತಾದರೊಂದು ಗೌಜಿ ಆಗದೆ ವಾಪಸ್ ಬರುವುದಿಲ್ಲ. ಹಾಗಿರುವಾಗ ಊಟಿಗೆ ಹೋಗಿ ಸುಮ್ಮನೆ ಬಂದೇವಾ?

ಮೊದಲು ಒಂದು ವಿಷಯ ಹೇಳಿಬಿಡ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥ ಆಗುವುದಿಲ್ಲ. ಮದುವೆಯ ಹೊಸತರಲ್ಲಿ ನಾವು ಹನಿಮೂನಿಗೆ ಊಟಿಗೆ ಹೋಗುವುದೆಂದು ನಿಶ್ಚಯ ಆಗಿತ್ತು. ನಾನು ಹಂಪನಕಟ್ಟೆಗೆ ಹೋಗಿ ಒಂದು ಕೆಂಪು ಸ್ವೆಟರ್ ಕೂಡ ತಂದಿದ್ದೆ. ಮಂಗಳೂರಿನ ಆ ಸೆಖೆಯಲ್ಲಿ ಸ್ವೆಟರ್ ಕೇಳಿದ್ದಕ್ಕೆ ಅಂಗಡಿಯವ, ಜ್ವರ ಉಂಟಾ ಅಂತ ವಿಚಾರಿಸಿದ್ದ. ಅಷ್ಟರಲ್ಲಿ ನಮ್ಮವರಿಗೆ ಗಲ್ಫಿನ ವೀಸಾ ಬಂತು. ಅವರು ವಿಮಾನ ಹತ್ತಿದರು, ಸ್ವೆಟರ್ ಪೆಟ್ಟಿಗೆ ಸೇರಿತು.

ಅಲ್ಲಿಂದ ಮೇಲೆ ನಮ್ಮ ಸಂಸಾರ ನಡೆದದ್ದು ಹೆಚ್ಚಾಗಿ ಫೋನಿನಲ್ಲಿ. ಪ್ರತಿ ಶುಕ್ರವಾರ ಫೋನ್ ಬರುತ್ತಿತ್ತು.

"ಹಲೋ, ಊಟ ಆಯ್ತಾ?"

"ಆಯ್ತು. ನಿಮ್ಮದು?"

"ಆಯ್ತು. ಮತ್ತೆಂತ?"

"ಮತ್ತೆಂತ ಇಲ್ಲ."

"ಸರಿ, ಇಡ್ತೇನೆ."

ಪಕ್ಕದ ಕುರ್ಚಿಯಲ್ಲಿ ಅತ್ತೆ ಕಿವಿ ಅಗಲ ಮಾಡಿ ಕೂತಿರುವಾಗ ಮತ್ತೆಂತ ಮಾತಾಡುವುದು, ನೀವೇ ಹೇಳಿ ಮಾರಾಯ್ರೆ.

ಈಗ ಅವರು ಗಂಟುಮೂಟೆ ಕಟ್ಟಿ ಊರಿಗೇ ಬಂದಿದ್ದಾರೆ. ಬಂದದ್ದೇನೋ ಹೌದು, ಆದರೆ ಎದುರು ಕೂತರೆ ಬಾಯಿಗೆ ಬೀಗ. ಚಾ ಬೇಕಾದರೆ ಚಾವಡಿಯಿಂದ ಅಡುಗೆಕೋಣೆಗೆ ವಾಯ್ಸ್ ಮೆಸೇಜ್ ಕಳಿಸುವ ಗಂಡಸು ನಮ್ಮ ಇಡೀ ಬೋಳಾರದಲ್ಲಿ ಇವರೊಬ್ಬರೇ ಇರಬೇಕು. ಮದುವೆಯ ಸಿಲ್ವರ್ ಜುಬಿಲಿಗೆ ಮಗಳು ಊಟಿಯಲ್ಲಿ ರೂಮ್ ಬುಕ್ ಮಾಡಿ ಕೊಟ್ಟಳು. "ನೀವಿಬ್ಬರೇ ಹೋಗಿ ಬನ್ನಿ" ಅಂದಳು. ನನಗೆ ಬೇಕಾದದ್ದು ಒಂದೇ. ಆ ಕೆರೆಯಲ್ಲಿ ಇಬ್ಬರು ಕೂರುವ ಪೆಡಲ್ ಬೋಟ್ ಉಂಟಲ್ಲ, ಅದರಲ್ಲಿ ಕೆಂಪು ಸ್ವೆಟರ್ ಹಾಕಿಕೊಂಡು ನಾವಿಬ್ಬರೇ ಕೂರಬೇಕು. ಮತ್ತೆ ಗುಲಾಬಿ ತೋಟ, ದೊಡ್ಡಬೆಟ್ಟ ಎಲ್ಲ ನೋಡಿದರೂ ಸೈ, ಬಿಟ್ಟರೂ ಸೈ.

ಬಾಯಿಮಾತಿನ ಕರೆ

ನಮ್ಮ ಕಡೆ ಒಂದು ಕ್ರಮ ಉಂಟು. ಹೊರಡುವವರು ಮನೆಯಲ್ಲಿ ಉಳಿಯುವವರಿಗೆ "ನೀವೂ ಬನ್ನಿ" ಅನ್ನಬೇಕು. ಉಳಿಯುವವರು "ಛೆ ಛೆ, ನಾನೆಂತಕ್ಕೆ, ನೀವು ಹೋಗಿ ಬನ್ನಿ" ಅನ್ನಬೇಕು. ಅಲ್ಲಿಗೆ ಎರಡೂ ಕಡೆಯ ಮರ್ಯಾದೆ ಉಳಿಯಿತು. ಹುಟ್ಟಿದಂದಿನಿಂದ ಇದೇ ಕ್ರಮದಲ್ಲಿ ಬೆಳೆದ ನಮ್ಮವರು ಹೊರಡುವ ದಿನ ಬೆಳಿಗ್ಗೆ ಶೂ ಹಾಕುತ್ತಾ, ಬಾಯಿಮಾತಿಗೆ, "ಮಮ್ಮಿ, ನೀವೂ ಬನ್ನಿ" ಅಂದರು.

ಅತ್ತೆ "ಆಯ್ತು ಮಗಾ" ಅಂದರು.

ನಾನು ಗೋಡೆ ಹಿಡಿದುಕೊಂಡೆ. ಅತ್ತೆ ಒಳಗೆ ಹೋಗಿ ತಯಾರಾಗಿ ಬರುವಾಗ ಒಂದು ಗಂಟೆಯಾದರೂ ಬೇಕು, ಅಷ್ಟರಲ್ಲಿ ಏನಾದರೂ ಉಪಾಯ ಮಾಡುವ ಅಂತ ಎಣಿಸಿದೆ. ಎಲ್ಲಿಯ ಉಪಾಯ! ಬ್ಯಾಗ್ ಬಾಗಿಲ ಹಿಂದೆಯೇ ಇತ್ತು. ಕಾಲಿಗೆ ಸಾಕ್ಸ್ ಕೂಡ ಆಗಿತ್ತು.

"ಹಿಂದೆ ಕೂತರೆ ನನಗೆ ವಾಂತಿ" ಅಂತ ಎದುರಿನ ಸೀಟೂ ಅವರಿಗೇ ಹೋಯಿತು. ನಾನು ಹಿಂದೆ, ಬ್ಯಾಗುಗಳ ಮಧ್ಯೆ ಇನ್ನೊಂದು ಬ್ಯಾಗಾಗಿ ಕೂತೆ. ಪುತ್ತೂರು ದಾಟುವಾಗ ಮಗಳ ಫೋನ್ ಬಂತು.

"ಹನಿಮೂನ್ ಹೇಗೆ ಶುರುವಾಯ್ತು ಮಮ್ಮಿ?"

"ನಿನ್ನ ಅಜ್ಜಿಗೆ ತುಂಬ ಖುಷಿಯಾಗಿದೆ" ಅಂದೆ.

ಕವರಿನೊಳಗೆ ಕವರು

ನೀಲಗಿರಿಗೆ ಪ್ಲಾಸ್ಟಿಕ್ ಕೊಂಡುಹೋಗಲಿಕ್ಕಿಲ್ಲ, ಇದು ಎಲ್ಲರಿಗೂ ಗೊತ್ತು. ನಾನು ನಮ್ಮಿಬ್ಬರ ಸಾಮಾನನ್ನು ಬಟ್ಟೆಚೀಲದಲ್ಲಿ, ನೀರನ್ನು ಸ್ಟೀಲ್ ಬಾಟಲಿಯಲ್ಲಿ ತುಂಬಿಸಿದ್ದೆ. ನಾನು ಶಾಲೆಯಲ್ಲಿ ಟೀಚರ್ ಅಲ್ವಾ, ನಿಯಮ ಅಂದರೆ ನಿಯಮ. ಆದರೆ ಅತ್ತೆಯ ಬ್ಯಾಗಿನ ಲೆಕ್ಕ ನನ್ನ ಸಿಲೆಬಸ್ಸಿನಲ್ಲಿ ಇರಲಿಲ್ಲ.

ಮಂಗಳೂರಿನ ಮಳೆಯಲ್ಲಿ ಬಾಳಿದವರು ಒಂದು ವಸ್ತುವನ್ನು ಒಂದೇ ಕವರಿನಲ್ಲಿ ಕಟ್ಟುತ್ತಾರಾ? ಚೆಕ್‌ಪೋಸ್ಟಿನಲ್ಲಿ ಒಬ್ಬ ಯುವಕ ಬಂದು ಬ್ಯಾಗ್ ತೆರೆಯಲಿಕ್ಕೆ ಹೇಳಿದ. ಮೇಲೆಯೇ ಒಂದು ದೊಡ್ಡ ಗಂಟು ಇತ್ತು. ಬಟ್ಟೆ ಅಂಗಡಿಯ ಕವರ್ ಬಿಚ್ಚಿದ. ಒಳಗೆ ಬೇಕರಿ ಕವರ್. ಅದನ್ನು ಬಿಚ್ಚಿದ. ಒಳಗೆ ಮೆಡಿಕಲಿನ ಕವರ್, ಅದಕ್ಕೆ ರಬ್ಬರ್ ಬ್ಯಾಂಡು. ಅವನ ಮುಖದಲ್ಲಿ ಒಂದು ಉತ್ಸಾಹ ಬಂತು. ಇಷ್ಟು ಜೋಪಾನ ಮಾಡಿದ್ದು ಅಂದಮೇಲೆ ಒಳಗೆ ಎಂತ ಉಂಟೋ ಅಂತ ಇನ್ನೊಬ್ಬನನ್ನೂ ಕರೆದ.

"ಬಿಚ್ಚಬೇಡ ಮಗಾ, ಪರಿಮಳ ಹೋಗ್ತದೆ" ಅಂತ ಅತ್ತೆ ಕೊಂಕಣಿಯಲ್ಲಿ ಹೇಳಿದರು. ತಮಿಳರ ಹುಡುಗನಿಗೆ ಎಂತ ಗೊತ್ತಾಗಬೇಕು? ಕಡೆಯ ಕವರಿನೊಳಗೆ ಗಲ್ಫಿನ ಹಾಲಿನಪುಡಿಯ ಡಬ್ಬಿ ಇತ್ತು. ಅವನು ಮೂಗು ಹತ್ತಿರ ಮಾಡಿ ಮುಚ್ಚಳ ತೆಗೆದ.

ಒಣ ಸಿಗಡಿ ಚಟ್ನಿ, ಮಾರಾಯ್ರೆ. ಬೆಳ್ಳುಳ್ಳಿ ಸ್ವಲ್ಪ ಜಾಸ್ತಿಯೇ ಬಿದ್ದಿತ್ತು.

ಅವನು ಎರಡು ಹೆಜ್ಜೆ ಹಿಂದೆ ಹೋದ. ಇನ್ನೊಬ್ಬ ನಾಲ್ಕು ಹೆಜ್ಜೆ ಹೋದ. ಕವರುಗಳನ್ನೆಲ್ಲ ಬಾಚಿ ತೆಗೆದಿಟ್ಟುಕೊಂಡು, ಡಬ್ಬಿಯನ್ನು ಮಾತ್ರ ತೋಳುದ್ದ ದೂರ ಹಿಡಿದು ವಾಪಸ್ ಕೊಟ್ಟು, ಮೂಗಿಗೆ ಕರ್ಚೀಪ್ ಒತ್ತಿಕೊಂಡೇ ಹೋಗಿ ಹೋಗಿ ಅಂತ ಕೈ ಬೀಸಿದ. ನಮ್ಮ ಹಿಂದೆ ಸಾಲಿನಲ್ಲಿದ್ದ ಎರಡು ಕಾರುಗಳನ್ನೂ ಚೆಕ್ ಮಾಡದೆ ಬಿಟ್ಟುಬಿಟ್ಟ.

ಅತ್ತೆಗೆ ಬೇಜಾರಾದದ್ದು ಕವರು ಹೋಯಿತೆಂದು ಅಲ್ಲ. "ಒಳ್ಳೆ ಮನೆಯ ಹುಡುಗ ಇರಬೇಕು. ಒಂದು ಚಮಚ ತಿಂದು ನೋಡು ಅಂತ ನೀನಾದರೂ ಹೇಳಬಾರದಿತ್ತಾ?" ಅಂತ ಘಾಟಿ ಮುಗಿಯುವವರೆಗೆ ನನ್ನನ್ನು ಬೈದರು.

ಹಾಸಿಗೆ ಹೊದ್ದ ಹೆಂಗಸು

ಬೆಟ್ಟದ ಮೇಲೆ ಒಂದು ವ್ಯೂ ಪಾಯಿಂಟ್. ಕೆಳಗೆ ಕಣ್ಣು ಮುಟ್ಟುವವರೆಗೆ ಚಾ ತೋಟ, ಅದರ ಮೇಲೆ ಮಂಜು. ಜನರೆಲ್ಲ ಮಾತು ಮರೆತು ನಿಂತಿದ್ದಾರೆ. ಅತ್ತೆ ಕೈ ಅಡ್ಡ ಹಿಡಿದು ಆಚೆ ಈಚೆ ನೋಡಿ, "ಇಷ್ಟು ಜಾಗ ಉಂಟು, ಒಂದು ತೆಂಗಿನಮರ ನೆಟ್ಟಿದ್ದಾರಾ ನೋಡು!" ಅಂದರು.

ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ. ಮಂಗಳೂರು ದಾಟಿದ ಕೂಡಲೇ ಅತ್ತೆಗೆ ಅದೊಂದು ಗುಪ್ತಭಾಷೆ. ಯಾರಿಗೂ ಗೊತ್ತಾಗುವುದಿಲ್ಲ ಅಂತ ದೊಡ್ಡ ಸ್ವರದಲ್ಲಿಯೇ ಗುಟ್ಟು ಹೇಳುತ್ತಾರೆ. ನಮ್ಮ ಮುಂದೆ ಒಬ್ಬ ಹೆಂಗಸು ಉಬ್ಬುಬ್ಬಿದ ದೊಡ್ಡ ಕೋಟು ಹಾಕಿ ನಿಂತಿದ್ದಳು. ಪಕ್ಕದಲ್ಲಿ ಗಂಡ, ಎರಡು ಮಕ್ಕಳು.

ಅತ್ತೆ ಶುರು ಮಾಡಿದರು. "ಆ ಹೆಂಗಸನ್ನು ನೋಡು. ಲಾಡ್ಜಿನ ಹಾಸಿಗೆಯನ್ನೇ ಹೊದ್ದುಕೊಂಡು ಬಂದ ಹಾಗೆ ಉಂಟು. ಪಾಪ, ಗಂಡ ಎಂತದರ ಮೇಲೆ ಮಲಗುವುದೋ!"

ಆ ಹೆಂಗಸು ನಿಧಾನ ತಿರುಗಿದಳು. ಒಳ್ಳೆ ಶುದ್ಧ ಕೊಂಕಣಿಯಲ್ಲಿ, "ಅವರಿಗೆ ಬೇರೆ ಹಾಸಿಗೆ ಉಂಟು ಆಂಟಿ" ಅಂದಳು.

ನನಗೆ ಆ ಮಂಜಿನೊಳಗೇ ಕರಗಿ ಹೋದರೆ ಸಾಕಾಗಿತ್ತು. ನಮ್ಮವರು ಇದ್ದಕ್ಕಿದ್ದ ಹಾಗೆ ಚಾ ತೋಟದ ಫೋಟೋ ತೆಗೆಯಲಿಕ್ಕೆ ಓಡಿದರು. ಅತ್ತೆ ಮಾತ್ರ ಒಂದು ಕೂದಲಷ್ಟೂ ಅಲ್ಲಾಡಲಿಲ್ಲ.

"ನಮ್ಮವಳು ಅಂತ ನಿನ್ನ ಮೋರೆ ನೋಡಿಯೇ ಗೊತ್ತಾಯ್ತು. ಅದಕ್ಕೇ ಮಾತಾಡಿಸಿದ್ದು. ಮನೆ ಎಲ್ಲಿ?"

"ಮಂಗಳೂರಿನಲ್ಲೇ, ದೇರೆಬೈಲ್."

"ದೇರೆಬೈಲಿನಲ್ಲಿ ಎಲ್ಲಿ? ತಾಯಿಮನೆ ಯಾವುದು? ಅಜ್ಜನ ಹೆಸರೆಂತ?"

ಅಜ್ಜನ ಹೆಸರು ಬರುವಾಗ ಸಂಬಂಧ ಸಿಕ್ಕಿತು. ಅವಳ ದೊಡ್ಡಮ್ಮನನ್ನು ಅತ್ತೆಯ ತಮ್ಮನಿಗೆ ಹಿಂದೆ ಕೇಳಿದ್ದರಂತೆ, ಆ ಮದುವೆ ಆಗಲಿಲ್ಲವಂತೆ. ಆಗದ ಮದುವೆಯ ಸಂಬಂಧದಿಂದ ಇಬ್ಬರೂ ಅಪ್ಪಿಕೊಂಡರು. ಅಷ್ಟರಲ್ಲಿ ಫೋಟೋ ಮುಗಿಸಿ ಬಂದ ನಮ್ಮವರು ನಾಚಿಕೆ ಮುಚ್ಚಲಿಕ್ಕೆ ಎಂತಾದರೂ ಹೇಳಬೇಕಲ್ಲ, "ನಾವು ಈಗ ಬೋಟಿಗೆ ಹೊರಟದ್ದು, ನೀವೂ ಬನ್ನಿ" ಅಂದರು.

ದೇರೆಬೈಲಿನವರಿಗೂ ನಮ್ಮ ಕ್ರಮ ಗೊತ್ತಿರಬೇಕಿತ್ತು. "ಛೆ ಛೆ" ಅನ್ನಬೇಕಿತ್ತು. ಅವಳ ಗಂಡ "ಆಗಬಹುದು" ಅಂದುಬಿಟ್ಟ.

ಹೀಗೆ ನಾನು ಕನಸು ಕಂಡ ಬೋಟ್ ವಿಹಾರ ಮೋಟಾರ್ ಬೋಟಿನಲ್ಲಿ, ಒಟ್ಟು ಏಳು ಜನ ಕೂತು ನಡೆಯಿತು. ಗಂಡಸರಿಬ್ಬರೂ ಮುಂದೆ ಕೂತು ಗಲ್ಫಿನ ಸೆಖೆಯ ಬಗ್ಗೆ ಮಾತಾಡಿದರು. ಅತ್ತೆ ಬೋಟಿನಿಂದ ಬಗ್ಗಿ ಕೆರೆಯ ನೀರಿನಲ್ಲಿ ಕೈ ತೊಳೆದರು. ನನ್ನ ಕೆಂಪು ಸ್ವೆಟರಿನ ಮೇಲೆ ದೇರೆಬೈಲಿನ ಸಣ್ಣ ಮಗು ಐಸ್‌ಕ್ರೀಮ್ ಒರೆಸಿತು.

ಊಟಿಯಲ್ಲಿ ಫ್ಯಾನು

ಮರುದಿನ ಮಧ್ಯಾಹ್ನ ನಾನು ಗಟ್ಟಿ ನಿರ್ಧಾರ ಮಾಡಿದೆ. ಅತ್ತೆ ಊಟ ಆದಮೇಲೆ ಒಂದು ನಿದ್ದೆ ಮಾಡುತ್ತಾರೆ, ಅದು ಭೂಕಂಪ ಆದರೂ ತಪ್ಪುವುದಿಲ್ಲ. ಅವರು ಮಲಗಿದ ಕೂಡಲೇ ನಾವಿಬ್ಬರು ಕೆರೆಗೆ ಹೋಗುವುದು. ನಮ್ಮವರಿಗೆ ಕಣ್ಣಿನಲ್ಲಿಯೇ ಹೇಳಿದೆ. ಅವರೂ ಕಣ್ಣಿನಲ್ಲಿಯೇ ಒಪ್ಪಿದರು.

ನಾವು ಮೂವರೂ ಇದ್ದ ಆ ಒಂದೇ ರೂಮಿನಲ್ಲಿ ಅತ್ತೆ ಮಲಗಿ, ಎರಡು ಕಂಬಳಿ ಹೊದ್ದು, ಮೇಲೆ ನೋಡಿ, "ಫ್ಯಾನ್ ಎಲ್ಲಿ?" ಅಂದರು.

"ಮಮ್ಮಿ, ಊಟಿಯಲ್ಲಿ ಫ್ಯಾನ್ ಇರುವುದಿಲ್ಲ" ಅಂದರು ನಮ್ಮವರು.

"ಫ್ಯಾನ್ ಇಲ್ಲದೆ ಮನುಷ್ಯರು ಮಲಗುವುದು ಹೇಗೆ? ಆ ಟರ್ರ್ ಶಬ್ದ ಇಲ್ಲದಿದ್ದರೆ ನನಗೆ ಕಣ್ಣು ಹತ್ತುವುದಿಲ್ಲ. ನಿನ್ನೆಯೂ ಸರಿ ನಿದ್ದೆ ಇಲ್ಲ."

ನನ್ನ ಬೋಟ್ ಕಣ್ಣೆದುರೇ ಮುಳುಗುವುದು ಕಾಣಿಸಿತು. ಆಗ ನಮ್ಮವರಿಗೆ ಜನ್ಮದಲ್ಲಿ ಒಮ್ಮೆ ಬುದ್ಧಿ ಓಡಿತು. ಮೊಬೈಲಿನಲ್ಲಿ ಫ್ಯಾನ್ ತಿರುಗುವ ಶಬ್ದದ ವಿಡಿಯೋ ಹುಡುಕಿ ದಿಂಬಿನ ಪಕ್ಕ ಇಟ್ಟರು. ಟರ್ರ್ ಅಂತ ಶುರುವಾಯಿತು. ಅತ್ತೆಯ ಮುಖ ಅರಳಿತು. ಕಣ್ಣು ಮುಚ್ಚಿಕೊಂಡು ಕಂಬಳಿಯನ್ನು ಕತ್ತಿನವರೆಗೆ ಎಳೆದು, "ಸ್ವಲ್ಪ ಸ್ಲೋ ಮಾಡು ಮಗಾ, ಗಾಳಿ ಜಾಸ್ತಿ ಆಯ್ತು" ಅಂದರು.

ನಮ್ಮವರು ವಾಲ್ಯೂಮ್ ಕಡಿಮೆ ಮಾಡಿದರು. ಗೊರಕೆ ಬಂತು. ನಾವು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕಳ್ಳರ ಹಾಗೆ ಬಾಗಿಲವರೆಗೆ ಬಂದೆವು. ಆಗಲೇ ಆ ಮೊಬೈಲಿಗೆ ಯಾವುದೋ ಲೋನ್ ಬೇಕಾ ಅಂತ ಕೇಳುವವರ ಕರೆ ಬರಬೇಕಾ! ಸೈಲೆಂಟಿನಲ್ಲಿ ಇದ್ದ ಕಾರಣ ರಿಂಗ್ ಏನೋ ಆಗಲಿಲ್ಲ. ಫ್ಯಾನ್ ನಿಂತಿತು.

ಅತ್ತೆ ಧಡಕ್ಕನೆ ಎದ್ದು ಕೂತು, "ಕರೆಂಟ್ ಹೋಯ್ತು!" ಅಂದರು.

ಆಮೇಲೆ ನಮ್ಮಿಬ್ಬರ ಕೈಯಲ್ಲಿದ್ದ ಚಪ್ಪಲಿ ನೋಡಿದರು. "ಎಲ್ಲಿಗೆ ಹೊರಟದ್ದು?"

ನಾನು ನಮ್ಮವರ ಕೈ ಚಿವುಟಿದೆ. ಬೇಕಾದಷ್ಟು ಗಟ್ಟಿಯಾಗಿಯೇ ಚಿವುಟಿದೆ. ಪ್ರಯೋಜನ ಆಗಲಿಲ್ಲ. "ಚಾ ಕುಡಿಯಲಿಕ್ಕೆ ಮಮ್ಮಿ. ನೀವೂ ಬನ್ನಿ."

ಕಡೆಯ ಬೋಟು

ಹೊರಡುವ ದಿನ. ಸಾಮಾನೆಲ್ಲ ಕಾರಿಗೆ ಹಾಕಿ ಆಗಿತ್ತು. ನಾನು ಮುಖ ಊದಿಸಿಕೊಂಡಿದ್ದೆ. ಐಸ್‌ಕ್ರೀಮಿನ ಕಲೆ ತೊಳೆದು, ಇನ್ನೂ ಸರಿ ಒಣಗದ ಕೆಂಪು ಸ್ವೆಟರನ್ನೇ ಹಾಕಿಕೊಂಡಿದ್ದೆ. ಗುಂಡಿ ಹಾಕಿದರೆ ಉಸಿರಾಡಲಿಕ್ಕೆ ಆಗುವುದಿಲ್ಲ, ಆದರೂ ಹಠದಲ್ಲಿ ಹಾಕಿದ್ದೆ. ನಮ್ಮವರು ನನ್ನ ಮುಖ ನೋಡಿ, ಹೆದರಿ, ಕಾರನ್ನು ಸೀದ ಕೆರೆಯ ಹತ್ತಿರ ತಂದು ನಿಲ್ಲಿಸಿದರು. ಓಡಿ ಹೋಗಿ ಟಿಕೆಟ್ ತಂದರು. ಇಬ್ಬರು ಕೂರುವ ಬೋಟ್!

ನಾನು ಹತ್ತಿ ಕೂತೆ. ಅವರು ಒಂದು ಕಾಲು ಬೋಟಿಗೆ ಇಟ್ಟರು. ಆಮೇಲೆ ದಡದಲ್ಲಿ ನಿಂತಿದ್ದ ತಾಯಿಯ ಕಡೆಗೆ ತಿರುಗಿ, ನನ್ನ ದೇವರೇ, ಹೇಳಿಯೇಬಿಟ್ಟರು.

"ಮಮ್ಮಿ, ನೀವೂ ಬನ್ನಿ."

ನಮ್ಮವರನ್ನು ನೀರಿಗೆ ದೂಡುವುದಾ, ನಾನೇ ಹಾರುವುದಾ ಅಂತ ನಾನು ಯೋಚಿಸುತ್ತಿದ್ದೆ. ಅತ್ತೆ ಬೋಟನ್ನು ನೋಡಿದರು. ನನ್ನ ಸ್ವೆಟರನ್ನು ನೋಡಿದರು.

"ಛೆ ಛೆ, ನಾನೆಂತಕ್ಕೆ? ನನಗೆ ನೀರೆಂದರೆ ಹೆದರಿಕೆ. ನೀವು ಹೋಗಿ ಬನ್ನಿ."

ನಾನು ಬಾಯಿ ಬಿಟ್ಟು ಕೂತೆ. ಬೋಳಾರದ ಹೊಳೆಬದಿಯಲ್ಲಿ ಹುಟ್ಟಿ, ಹಿಂದೆ ದೋಣಿಯಲ್ಲಿ ಉಳ್ಳಾಲದ ಕಡೆಗೆ ದಾಟಿ ಅಕ್ಕನ ಮನೆಯಿಂದ ಮೀನು ತರುತ್ತಿದ್ದ ಹೆಂಗಸಿಗೆ ನೀರೆಂದರೆ ಹೆದರಿಕೆಯಂತೆ!

ಅತ್ತೆ ನನ್ನ ಹತ್ತಿರ ಬಗ್ಗಿ ಮೆಲ್ಲ ಹೇಳಿದರು. "ಇಷ್ಟು ವರ್ಷ ಆ ಸ್ವೆಟರಿಗೆ ಹುಳ ಹಿಡಿಯದ ಹಾಗೆ ಬಿಸಿಲಿಗೆ ಹಾಕುತ್ತಿದ್ದದ್ದು ಯಾರು ಅಂತ ಎಣಿಸಿದ್ದಿ? ಹೋಗು."

ಮೂರು ದಿನದಿಂದ ಅವರಿಗೆ ಮನಸ್ಸಿನಲ್ಲಿ ಬೈದದ್ದನ್ನೆಲ್ಲ ಅಲ್ಲೇ ವಾಪಸ್ ತೆಗೆದುಕೊಂಡೆ. ಹೆಚ್ಚಿನದ್ದನ್ನು.

ಬೋಟ್ ಮೆಲ್ಲ ಮುಂದೆ ಹೋಯಿತು. ಕೆರೆಯ ಮಧ್ಯಕ್ಕೆ ಬಂದೆವು. ಸುತ್ತ ಮರಗಳು, ತಣ್ಣನೆ ಗಾಳಿ, ದಡದಲ್ಲಿ ಅತ್ತೆ ಒಂದು ಚುಕ್ಕೆ. ಮದುವೆಯಾದಂದಿನಿಂದ ಕಾದ ಗಳಿಗೆ. ಪೆಡಲ್ ಮಾಡುವುದನ್ನು ನಿಲ್ಲಿಸಿದೆವು.

ನಮ್ಮವರು ನೀರು ನೋಡಿದರು. ಮೋಡ ನೋಡಿದರು. ಗಂಟಲು ಸರಿಮಾಡಿದರು. ಮತ್ತೆ ನೀರು ನೋಡಿದರು.

"ಎಂತಾದರೂ ಮಾತಾಡಿ" ಅಂದೆ.

ಹಣೆಯಲ್ಲಿ ಬೆವರು ಬಂತು, ಆ ಚಳಿಯಲ್ಲಿ. ತುಂಬ ಯೋಚನೆ ಮಾಡಿ ಕೇಳಿದರು.

"ಊಟ ಆಯ್ತಾ?"

ಬೆಳಿಗ್ಗೆ ಹತ್ತು ಗಂಟೆ. ಒಂದೇ ಟೇಬಲಿನಲ್ಲಿ ಕೂತು ಇಡ್ಲಿ ತಿಂದು ಬಂದವರು ನಾವು. ನಾನು ನಗು ತಡೆದುಕೊಂಡು, "ಆಯ್ತು. ನಿಮ್ಮದು?" ಅಂದೆ.

"ಆಯ್ತು. ಮತ್ತೆಂತ?"

"ಮತ್ತೆಂತ ಇಲ್ಲ."

"ಸರಿ, ಇಡ್ತೇನೆ."

ಹೇಳಿ ಆದಮೇಲೆ ಅವರಿಗೇ ಗೊತ್ತಾಯಿತು. ಕಿವಿಯವರೆಗೆ ಕೆಂಪಾದರು. ನಾನು ನಕ್ಕ ಅಬ್ಬರಕ್ಕೆ ಸ್ವೆಟರಿನ ಮೇಲಿನ ಗುಂಡಿ ಹಾರಿ ಕೆರೆಗೆ ಬಿತ್ತು.

"ಇಡಿ ನೋಡುವ" ಅಂದೆ. "ಸುತ್ತ ನೀರುಂಟು. ಇಟ್ಟು ಎಲ್ಲಿಗೆ ಹೋಗ್ತೀರಿ?"