ಎರಡೂವರೆ ಕಿಲೋ ಕಮ್ಮಿ

"ಎರಡೂವರೆ ಕಿಲೋ ಕಮ್ಮಿ ಬಿದ್ದಾವಲ್ರಿ ಮಾಣಿಕಪ್ಪಾರ! ಏನ್ ಮಾಡ್ಕೊಂಡ್ರಿ ಇದು? ಮನ್ಯಾಗ ಊಟಕ್ಕ ಹಾಕಾಂಗಿಲ್ಲೇನು?"

ಪಕ್ಕದ ಮನೆಯ ವಿಜಯಕುಮಾರ ತನ್ನ ತೂಕದ ಯಂತ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೀಗೆ ಕೂಗಿದಾಗ, ಅದರ ಮೇಲೆ ನಿಂತಿದ್ದ ಮಾಣಿಕಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೈದರಾಬಾದಿನ ಕುಷಾಯಿಗೂಡದ ಈ ಮೂರಂತಸ್ತಿನ ಕಟ್ಟಡದ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ "ಸ್ವಲ್ಪ ಬಾಯಿ ಕಟ್ರಿ" ಎಂದು ವರ್ಷಗಟ್ಟಲೆ ಉಪದೇಶ ಮಾಡಿದವನು ಇದೇ ವಿಜಯಕುಮಾರ.

ಮಾಣಿಕಪ್ಪ ಸಿಕಂದರಾಬಾದಿನ ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವವನು. ಕೂರುವುದು ಸಲೀಸು, ಭೂಮಿತಾಯಿಯೇ ಎಳೆದುಕೊಳ್ಳುತ್ತಿದ್ದಳು. ಏಳುವಾಗ ಮಾತ್ರ ಆಚೀಚೆ ಇಬ್ಬರು ಕೈಹಿಡಿದು, ಕೆಸರಲ್ಲಿ ಹೂತ ಎತ್ತನ್ನು ಎಳೆದಂತೆ ಎಳೆಯಬೇಕು. ಮೊಣಕಾಲು ಸವೆದುಹೋಗಿದ್ದವು. ಗಿರಾಕಿಗಳು ನಗುವುದನ್ನು ಕಂಡ ಸೇಠ್ ಕಡೆಗೊಮ್ಮೆ ಹೇಳಿಬಿಟ್ಟಿದ್ದ: ಮುಂದಿನ ಮದುವೆ ಸೀಜನ್ನಿಗೆ ತಾನಾಗಿ ಎದ್ದು ನಿಲ್ಲುವಂತಿದ್ದರೆ ಬಾ, ಇಲ್ಲದಿದ್ದರೆ ಮನೆಯಲ್ಲೇ ಕೂತಿರು.

ತೂಕ ಇಳಿಸಲು ಮಾಣಿಕಪ್ಪ ಮಾಡದ ಸಾಹಸವಿಲ್ಲ. ಸೋಮವಾರ ಉಪವಾಸ ಹಿಡಿದ. ಉಪವಾಸದ ಜೊತೆಗೆ ತುಪ್ಪ ಸುರಿದ ಸಾಬೂದಾನಿ ಖಿಚಡಿಯೂ ಬಂತು. ಬೆಳಗಿನ ವಾಕಿಂಗ್ ಶುರುಮಾಡಿದ. ವಾಕಿಂಗ್ ಗೆಳೆಯರು ಸಿಕ್ಕರು, ಅವರ ನಡಿಗೆಯೆಲ್ಲ ಮಿರ್ಚಿ ಬಜ್ಜಿ ಬಂಡಿಯ ಹತ್ತಿರ ಮುಗಿಯುತ್ತಿತ್ತು. ರಾತ್ರಿ ಊಟ ಬಿಟ್ಟ, ಮೇಲಿನ ಮನೆಯ ಅಂಬವ್ವ "ಅಣ್ಣಾರಿಗೆ ಏನಾಗೇತಿ?" ಎಂದು ಕಣ್ಣೀರು ತಂದುಕೊಂಡು ಬಟ್ಟಲ ತುಂಬ ಹುಗ್ಗಿ ತಂದಳು.

ಕಡೆಗೆ ಹೊಟ್ಟೆ ಸಣ್ಣದು ಮಾಡುವ ಆಪರೇಶನ್ನೇ ದಾರಿ ಎಂದಿತು ಆಸ್ಪತ್ರೆ. ಮಗಳು ಶೀತಲ ಮಾದಾಪುರದಲ್ಲಿ ಕೆಲಸಕ್ಕಿದ್ದಳು. ಅವಳ ಆಫೀಸಿನ ವಿಮೆ ಖರ್ಚು ಕೊಡುತ್ತಿತ್ತು. ಷರತ್ತು ಒಂದೇ, ಮಾಣಿಕಪ್ಪನ ಎತ್ತರಕ್ಕೆ ನೂರಾ ಹತ್ತು ಕಿಲೋ ಮೀರಿರಬೇಕು. ಅಂದು ಆತ ನೂರಾ ಹನ್ನೊಂದಿದ್ದ. ಜೀವನದಲ್ಲಿ ಮೊದಲ ಸಲ ಒಂದು ಪರೀಕ್ಷೆ ಪಾಸಾದ ಖುಷಿಯಲ್ಲೇ ಮನೆಗೆ ಬಂದ. ಆಮೇಲೆ "ಹೊಟ್ಟೆ ಕೊಯ್ಯತಾರ" ಎಂಬುದು ತಲೆಗಿಳಿಯಿತು. ತುತ್ತು ಗಂಟಲಿಗೆ ಇಳಿಯದಾಯಿತು. ಅಷ್ಟೂ ವ್ರತಗಳಿಂದ ಆಗದ್ದು ಮೂರು ವಾರದ ಹೆದರಿಕೆಯಿಂದ ಆಯಿತು.

ಶೀತಲಳ ಕಂಪನಿಯೋ ನಾಳೆಯಿಂದ ತಂದೆತಾಯಿಗಳನ್ನು ವಿಮೆಯಿಂದ ಕೈಬಿಡಲಿತ್ತು. ಆಸ್ಪತ್ರೆ ಸೇರುವುದಿದ್ದರೆ ಇವತ್ತೇ, ಸಂಜೆಯೊಳಗೆ. ಸೇರಿಸಿಕೊಳ್ಳುವ ಮುನ್ನ ಅಲ್ಲಿ ಮತ್ತೊಮ್ಮೆ ತೂಗುತ್ತಾರೆ.

"ಇನ್ನೂ ಟೈಮ್ ಐತಿ. ತಿನ್ನಿಸ್ರಿ!" ಎಂದ ವಿಜಯಕುಮಾರ, ಯುದ್ಧ ಸಾರಿದವನಂತೆ.

"ಮದುವಿ ಆದಾಗಿಂದ ತಿನ್ನಬ್ಯಾಡ್ರಿ ತಿನ್ನಬ್ಯಾಡ್ರಿ ಅಂತ ಬಾಯಿ ಬಡ್ಕೊಂಡೆ," ಎಂದಳು ಹೆಂಡತಿ ಶಂಕ್ರಮ್ಮ, ರೊಟ್ಟಿ ಬಡಿಯುತ್ತಲೇ. "ಈಗ ತಿನ್ರಿ ಅನ್ನೋದೂ ನನ್ನ ಹಣೇಬರಹದಾಗ ಬರದಿತ್ತು."

ಸುದ್ದಿ ಮೆಟ್ಟಿಲು ಹತ್ತಿತು. ಅಂಬವ್ವ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಇಳಿದುಬಂದಳು. ಮುಖದಲ್ಲಿ ಗೆದ್ದ ಕಳೆ.

"ವೈನಿ, ನಾ ಏನರ ತಂದ್ರ ಮಾರಿ ಗಂಟು ಹಾಕ್ತಿದ್ರಿ. ಇವತ್ತ ಯಾರ ಬೇಕಾದ್ರು? ಅಣ್ಣಾರ, ಒಲ್ಲೆ ಅನ್ನಬ್ಯಾಡ್ರಿ. ಔಷಧ ಅಂತ ತಿಳೀರಿ."

"ಸಾಕ್ರಿ ಅಂಬವ್ವಾರ, ಹೊಟ್ಟ್ಯಾಗ ಜಾಗ ಇಲ್ಲ."

"ಅದನ್ನ ನಾಳೆ ಹ್ಯಾಂಗೂ ಸಣ್ಣದ ಮಾಡಾವ್ರ ಅದಾರ. ಇವತ್ತರ ಉಪಯೋಗಿಸ್ಕೊಳ್ರಿ!"

ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಆಯಿತು. ರಜೆ ಹಾಕಿದ್ದ ಶೀತಲ ಓಡಿಹೋಗಿ ಬೇಕರಿಯಿಂದ ಬ್ರೆಡ್ಡಿನ ಸಿಹಿ ಡಬಲ್ ಕಾ ಮೀಠಾ ತಂದಳು, ಮೇಲೆ ಜಿಲೇಬಿ. ಒಂದೊಂದು ತಟ್ಟೆ ಮುಗಿದಂತೆಲ್ಲ ವಿಜಯಕುಮಾರ ಅವನನ್ನು ಯಂತ್ರದ ಮೇಲೆ ಹತ್ತಿಸಿ, ಹತ್ತಿಯ ಮೂಟೆ ತೂಗುವ ದಲ್ಲಾಳಿಯಂತೆ ಅಂಕಿ ಕೂಗುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ನೆರೆಯವರು ಚಪ್ಪಾಳೆ ತಟ್ಟಿದರು. ಮಾಣಿಕಪ್ಪನ ಮೊಣಕಾಲಿನ ಬಗ್ಗೆ ಇವರಲ್ಲಿ ಯಾರೂ ಎಂದೂ ಕೇಳಿದವರಲ್ಲ.

"ಇನ್ನೂ ಕಮ್ಮೀನ ಐತಿ. ನೀರ್ ಕುಡೀರಿ! ಒಂದು ಲೀಟರ್ ಅಂದ್ರ ಒಂದು ಕಿಲೋ. ಆದ್ರ ನೋಡ್ರಿ, ತೂಕ ಆಗೂಮಟಾ ಬಚ್ಚಲಕ್ಕ ಹೋಗಂಗಿಲ್ಲ," ಎಂದ ವಿಜಯಕುಮಾರ.

ಹೊರಡುವಾಗ ವಿಜಯಕುಮಾರ ಕಿರಾಣಿ ಅಂಗಡಿಯಿಂದ ಎರವಲು ತಂದ ತೂಕದ ಕಲ್ಲುಗಳನ್ನೂ ಅವನ ಪೈಜಾಮದ ಜೇಬಿಗಿಳಿಸಿದ. "ಇರ್ಲಿ. ಯಾವುದಕ್ಕೂ."

ಆಟೊ ಪ್ರಯಾಣದ ವರ್ಣನೆ ಬೇಡ. ತುಂಬಿದ ಕೊಡವನ್ನು ರಸ್ತೆಯ ಗುಂಡಿಗಳ ಮೇಲೆ ಕುಣಿಸಿಕೊಂಡು ಹೋದರೆ ಏನಾಗುತ್ತದೋ ಅದು ಆಗದಂತೆ ಮಾಣಿಕಪ್ಪ ದಾರಿಯುದ್ದಕ್ಕೂ ಶಿವನಾಮ ಹೇಳುತ್ತ ಕಾಲು ಹೆಣೆದುಕೊಂಡು ಕೂತಿದ್ದ. "ಭೈಯ್ಯಾ, ಜರಾ ಆಹಿಸ್ತಾ!" ಎಂದು ಶೀತಲ ಕೂಗಿದಷ್ಟೂ ಆಟೊದವನು ಜೋರು ಬಿಟ್ಟ.

ಆಸ್ಪತ್ರೆಯಲ್ಲಿ ನರ್ಸ್ ಒಂದು ತೆಳು ಹಸಿರು ಅಂಗಿ ಕೈಗಿತ್ತಳು. ಉಟ್ಟ ಬಟ್ಟೆಯಲ್ಲಿ ತೂಗುವಂತಿಲ್ಲ. ಪೈಜಾಮ ಕಳಚುವಾಗ ಕಲ್ಲುಗಳು ಒಂದೊಂದಾಗಿ ಠಣ್ ಠಣ್ ಎಂದು ಟೈಲ್ಸಿನ ಮೇಲೆ ಬಿದ್ದವು.

"ಕ್ಯಾ ಅಂಕಲ್, ಕಿರಾಣಾ ದುಕಾನ್ ಹೈ ಕ್ಯಾ?" ಎಂದು ನಕ್ಕಳು ನರ್ಸ್.

ಶಂಕ್ರಮ್ಮ ಕಲ್ಲುಗಳನ್ನು ಹೆಕ್ಕಿ ಸೆರಗಿಗೆ ಕಟ್ಟಿಕೊಂಡಳು. ಕಲ್ಲಿಲ್ಲದೆ, ಉಟ್ಟ ಬಟ್ಟೆಯಿಲ್ಲದೆ, ಬರೀ ಹೋಳಿಗೆ ಮತ್ತು ನೀರಿನ ಬಲದಿಂದ ಮಾಣಿಕಪ್ಪ ಯಂತ್ರ ಹತ್ತಿ ಉಸಿರು ಬಿಗಿಹಿಡಿದ.

"ನೂರಾ ಹತ್ತು ದಾಟೇತಿ ಪಪ್ಪಾ!" ಶೀತಲ ಹಾರಿದಳು. "ಪಾಸಾದ್ರಿ!"

ವಿಮೆಯ ಕೌಂಟರಿನ ಹುಡುಗಿ ಅಂಕಿಯ ಫೋಟೊ ತೆಗೆದು ವಿಮೆ ಕಂಪನಿಗೆ ಕಳಿಸಿದಳು. ಮಾಣಿಕಪ್ಪ ಅಷ್ಟರಲ್ಲಿ ಬಚ್ಚಲಿನತ್ತ ಓಡಿದ್ದ. ಮೊಣಕಾಲು ಸವೆದ ಆ ಮನುಷ್ಯ ಓಡಿದ್ದನ್ನು ಹೆಂಡತಿ ಮದುವೆಯಾದ ಮೇಲೆ ಮೊದಲ ಸಲ ನೋಡಿದಳು. ಹೊರಬಂದವನ ಬೆರಳು ಚುಚ್ಚಿ, ರಟ್ಟೆಯಿಂದ ರಕ್ತ ಎಳೆದುಕೊಂಡು, ಕೂರಲು ಹೇಳಿದರು.

ತುಸು ಹೊತ್ತಿಗೆ ಒಳಗೆ ಕರೆದ ಡಾಕ್ಟರು ತೆಲುಗಿನಲ್ಲಿ ಮಾತಾಡಿದರು. ಹೈದರಾಬಾದಿನಲ್ಲಿ ಅರ್ಧ ಆಯುಷ್ಯ ಸೀರೆ ಮಾರಿದ ಮಾಣಿಕಪ್ಪನಿಗೆ ಅದೆಲ್ಲ ತಿಳಿಯಿತು, ತಿಳಿಯದಿದ್ದರೆ ಚೆನ್ನಾಗಿತ್ತು. ರಕ್ತದಲ್ಲಿ ಸಕ್ಕರೆ ಮುಗಿಲು ಮುಟ್ಟಿದೆ, ಬಿಪಿಯೂ ಹಾಗೇ. ಇವತ್ತು ಏನು ತಿಂದಿರಿ ಎಂದರು. ಶಂಕ್ರಮ್ಮ ಹೇಳುತ್ತ ಹೋದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಸಕ್ಕರೆಯಲ್ಲಿ ನಾನು ಕತ್ತಿ ಹಿಡಿಯುವುದಿಲ್ಲ. ಭರ್ತಿಯನ್ನೂ ಮಾಡಿಕೊಳ್ಳುವುದಿಲ್ಲ. ಮೂರು ತಿಂಗಳು ಸಿಹಿ, ಅನ್ನ, ಎಣ್ಣೆ ಬಿಟ್ಟು ಬನ್ನಿ."

"ಅದೆಲ್ಲಾ ಬಿಟ್ಟರೆ ತೂಕ ಇಳಿಯುತ್ತದಲ್ಲ ಸಾರ್?" ಎಂದ ಮಾಣಿಕಪ್ಪ.

"ಇಳಿಯಲಿ. ಆಗ ಈ ಆಪರೇಶನ್ನೇ ಬೇಕಾಗುವುದಿಲ್ಲ."

"ಇಳಿಯಲಿಲ್ಲ ಅಂದರೆ?"

"ನೀವು ಪಥ್ಯ ಮಾಡಿಲ್ಲ ಎಂದರ್ಥ. ಸಕ್ಕರೆಯೂ ಇಳಿದಿರುವುದಿಲ್ಲ. ಆಪರೇಶನ್ ಆಗುವುದಿಲ್ಲ."

ಮಾಣಿಕಪ್ಪ ಹಸಿರು ಅಂಗಿಯ ತುದಿಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡ. "ಮತ್ತೆ ಈ ಕಾಲು ಸಾರ್? ಕಾಲಿಗಾಗಿಯೇ ಬಂದವನು ನಾನು."

"ಕಾಲಿಗೆ ಬೇರೆ ಡಾಕ್ಟರು. ಎರಡನೇ ಮಹಡಿ. ಆದರೆ ಅವರೂ ಮೊದಲು ತೂಕ ಇಳಿಸಿ ಅನ್ನುತ್ತಾರೆ."

ಶೀತಲಳ ಫೋನು ಟಿಂಗ್ ಎಂದಿತು. ವಿಮೆ ಕಂಪನಿಯವರು ಅಭಿನಂದನೆ ತಿಳಿಸಿದ್ದರು: ತಮ್ಮ ತಂದೆಯವರ ಆಪರೇಶನ್ ಪೂರ್ತಿ ಖರ್ಚಿನೊಂದಿಗೆ ಮಂಜೂರಾಗಿದೆ, ಈ ಮಂಜೂರಾತಿ ಇಂದು ರಾತ್ರಿ ಹನ್ನೆರಡರವರೆಗೆ ಮಾತ್ರ. ಅವಳು ಅದನ್ನು ಎರಡು ಸಲ ಓದಿ, ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು.