ಕಪ್ಪುಪಟ್ಟಿಯ ಬೀಗರು

ಅಂಗಡಿ ಇಟ್ಟವನಿಗೆ ತಮಾಷೆಗೆ ಕೊರತೆಯಿಲ್ಲ. ಬಾಗಿಲು ತೆಗೆದು ಕೂತರೆ ಸಾಕು, ದಿನಕ್ಕೊಂದು ತಾನಾಗಿಯೇ ಒಳಗೆ ಬರುತ್ತದೆ. ಆದರೆ ಈ ವರ್ಷ ನನಗೆ ಆದ ಪ್ರಸಂಗಗಳೆಲ್ಲ ಒಳಗೆ ಬಂದದ್ದರಿಂದ ಆದವಲ್ಲ, ಹೊರಗೆ ಹೋಗದೆ ಇದ್ದದ್ದರಿಂದ ಆದವು. ಹೋಗದೆ ಇದ್ದದ್ದು ನನ್ನ ಈಮೇಲು.

ಪರದೇಶದ ಸನ್ನಿವೇಲಿನಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಸ್ಟೀಲ್ ಡಬ್ಬಿ, ಕುಕ್ಕರು, ಇಡ್ಲಿ ತಟ್ಟೆ, ಗ್ರೈಂಡರು, ದೇವರ ಮನೆಗೆ ಹಿತ್ತಾಳೆ ದೀಪ. ಅಂಗಡಿಯ ಹೆಸರಿನಲ್ಲೇ ಒಂದು ಸ್ವಂತ ಈಮೇಲ್ ವಿಳಾಸ ಮಾಡಿಸಿಕೊಂಡಿದ್ದೇನೆ. ವ್ಯಾಪಾರಕ್ಕೂ ಅದೇ, ಮನೆಯ ಕಾಗದ ಪತ್ರಕ್ಕೂ ಅದೇ. ಎಲ್ಲರೂ ಬಿಟ್ಟಿ ಸಿಗುವ ವಿಳಾಸ ಇಟ್ಟುಕೊಳ್ಳುತ್ತಾರೆ, ನೀವೇಕೆ ಇಟ್ಟುಕೊಂಡಿಲ್ಲ ಅಂತ ಕೇಳುವವರಿಗೆ ನನ್ನದೊಂದೇ ಉತ್ತರ: ಇನ್ನೊಬ್ಬರ ಜಗುಲಿ ಮೇಲೆ ಗಂಟು ಬಿಚ್ಚಿ ಕೂತವನು ಗಟ್ಟಿಯಾಗಿ ಮಾತಾಡೋಕಾಗಲ್ಲ. ನನಗೆ ಗಟ್ಟಿಯಾಗಿ ಮಾತಾಡಿ ಅಭ್ಯಾಸ.

೧. ಏಳು ಪತ್ರ

ನನ್ನ ಮಗಳೂ ಪಕ್ಕದ ಊರು ಸರಟೋಗಾದ ಒಬ್ಬ ಹುಡುಗನೂ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಇಬ್ಬರೂ ಒಪ್ಪಿದರು, ನಾವೂ ಒಪ್ಪಿದೆವು. ಉಳಿದದ್ದು ನಿಶ್ಚಯದ ದಿನ ಗೊತ್ತುಮಾಡುವುದು. ಹುಡುಗನ ತಂದೆ ಧಾರವಾಡದ ಕಡೆಯವರು, ರಿಟೈರ್ ಆದ ಎಂಜಿನಿಯರು. ಕೆಲಸದಲ್ಲಿದ್ದಷ್ಟು ಕಾಲವೂ ಬೇಡದ ಮೇಲ್ ತಡೆಯುವುದೇ ಅವರ ಉದ್ಯೋಗ. ರಿಟೈರ್ ಆದಮೇಲೂ ಚಟ ಬಿಡದೆ, ಮನೆಯ ಮೇಲಿಗೆಲ್ಲ ತಾವೇ ಒಂದು ಫಿಲ್ಟರು ಕಟ್ಟಿ ಕಾವಲಿಟ್ಟಿದ್ದಾರೆ.

ಅವರು ಮೂರು ದಿನಾಂಕ ಕೊಟ್ಟು ಮೇಲ್ ಕಳಿಸಿದರು. "ಯಾವುದು ಅನುಕೂಲವೆಂದು ಬರವಣಿಗೆಯಲ್ಲೇ ತಿಳಿಸಿ. ಫೋನಿನಲ್ಲಿ ಆಡಿದ ಮಾತು ಆಮೇಲೆ ಹಾಗಂದೆ, ಹೀಗಂದೆ ಎಂದಾಗುತ್ತದೆ" ಅಂತಲೂ ಬರೆದಿದ್ದರು. ಇದು ವ್ಯವಹಾರ ಗೊತ್ತಿರುವವನ ಲಕ್ಷಣ ಅಂತ ನನಗೆ ಖುಷಿಯಾಯಿತು. ಅವತ್ತೇ ಉತ್ತರ ಬರೆದೆ. ಅತ್ತಲಿಂದ ಸದ್ದಿಲ್ಲ. ಇನ್ನೊಂದು ಬರೆದೆ. ಸದ್ದಿಲ್ಲ. ಫೋನ್ ಮಾಡೋಣವೆಂದರೆ, ಬರವಣಿಗೆಯಲ್ಲಿ ಕೇಳಿದವರಿಗೆ ಬರವಣಿಗೆಯಲ್ಲಿ ಹೇಳಿಯಾಗಿದೆ, ಈಗ ಬಾಯಿ ಬಿಡಬೇಕಾದವರು ಅವರು. ನಾನೇಕೆ ಬಾಗಿಲು ಬಡಿಯಲಿ? ಹೀಗೆ ಬಿಗುಮಾನದಲ್ಲೇ ಆರು ವಾರದಲ್ಲಿ ಏಳು ಪತ್ರವಾದವು. ಮೊದಲನೆಯದರಲ್ಲಿ ಸಕ್ಕರೆ ಇತ್ತು. ಏಳನೆಯದರಲ್ಲಿ ಇರಲಿಲ್ಲ.

ಇದು ಹಿರಿಯರ ವಿಷಯ, ನೀವು ನಡುವೆ ಬರಬೇಡಿ ಅಂತ ಎರಡೂ ಮನೆಯಲ್ಲಿ ಮಕ್ಕಳಿಗೆ ತಾಕೀತು ಮಾಡಿದ್ದೆವು. ಅವರು ದಿನಾ ಒಂದೇ ಟೇಬಲ್ಲಿನಲ್ಲಿ ಊಟ ಮಾಡುತ್ತಿದ್ದರೂ ಪಾಪ, ಆ ಮಾತೊಂದನ್ನು ಬಿಟ್ಟು ಬೇರೆಲ್ಲ ಮಾತಾಡಿದರಂತೆ. ಕೊನೆಗೊಂದು ದಿನ ಮಗಳು ತಡೆಯಲಾರದೆ ಕೇಳಿದಳು:

"ಅಪ್ಪಾ, ಡಿಡ್ ಯು ಆಕ್ಚುಲಿ ರೈಟ್ ಟು ದೆಮ್? ಅವರಪ್ಪ ನಥಿಂಗ್ ಕೇಮ್ ಅಂತಿದಾರೆ."

"ಏಳು ಬರೆದಿದೀನಿ."

"ಸೆವೆನ್?" ಅಂದವಳು ನನ್ನ ಮುಖವನ್ನೇ ನೋಡಿದಳು. "ನಿಮಗೆ ಅವನು ಇಷ್ಟ ಇಲ್ಲದಿದ್ರೆ ಜಸ್ಟ್ ಟೆಲ್ ಮಿ, ಅಪ್ಪಾ."

ಆ ನೋಟ ನನಗೆ ಚುಚ್ಚಿತು. ಬೀಗರು ನನ್ನನ್ನು ಸುಳ್ಳುಗಾರ ಅಂದುಕೊಂಡರೆ ಅಂದುಕೊಳ್ಳಲಿ. ಮಗಳು ಅಂದುಕೊಂಡರೆ ಹೇಗೆ? ನೆರವಿಗೆ ಬರುತ್ತಾಳೇನೋ ಅಂತ ಹೆಂಡತಿಯ ಕಡೆ ತಿರುಗಿದೆ.

"ಕಳಿಸಿದೀನಿ, ಕಳಿಸಿದೀನಿ ಅಂತ ನನ್ನ ಹತ್ರ ಹೇಳಬೇಡಿ" ಅಂದಳು ಆಕೆ. "ಗಿರಾಕಿಗೆ 'ಮಾಲು ದಾರೀಲಿದೆ' ಅಂತೀರಲ್ಲ, ಥೇಟ್ ಅದೇ ಧ್ವನಿ."

೨. ಮಂಡಿ ವಿಚಾರ

ಲಾಸ್ ಆಲ್ಟೋಸಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಭಾನುವಾರ ಬೆಳಿಗ್ಗೆ ಜೊತೆಯಾಗಿ ವಾಕ್ ಹೋಗುವವರು ನಾವು. ಅವನಿಗೆ ಮಂಡಿ ಆಪರೇಷನ್ ಆಯಿತು. ಮಲಗಿರುವವನಿಗೆ ಫೋನ್ ಮಾಡಿ ಎಬ್ಬಿಸುವುದೇಕೆಂದು ಎರಡು ಸಲ ಉದ್ದಕ್ಕೆ ಮೇಲ್ ಬರೆದು ವಿಚಾರಿಸಿಕೊಂಡಿದ್ದೆ. ತಿಂಗಳ ಮೇಲೆ ದೇವಸ್ಥಾನದಲ್ಲಿ ಸಿಕ್ಕ. ಕೋಲು ಊರಿಕೊಂಡು, ನನ್ನನ್ನು ಸುತ್ತಿ ಬಳಸಿ, ನವಗ್ರಹದ ಕಡೆಗೆ ಹೊರಟುಬಿಟ್ಟ.

"ಏನಯ್ಯಾ, ಮಾತಿಲ್ಲ?"

"ಬದುಕಿದೀನಾ ಅಂತ ಒಂದು ಮಾತು ಕೇಳದವನ ಹತ್ರ ಎಂಥ ಮಾತು? ನಮ್ಮ ಅಂಚೆಯವನು ಕೇಳಿದ. ಹುಲ್ಲು ಕತ್ತರಿಸೋನೂ ಕೇಳಿದ."

ನಾನು ಫೋನ್ ತೆಗೆದು, ಕಳಿಸಿದ ಎರಡೂ ಮೇಲುಗಳನ್ನು ಅವನ ಮೂಗಿನ ಕೆಳಗೆ ಹಿಡಿದೆ. ಅವನು ಓದಿದ. ಎರಡನೆಯದನ್ನು ಓದುವಾಗ ಕಣ್ಣು ಸ್ವಲ್ಪ ಒದ್ದೆಯಾಯಿತು. ಜೊತೆಗಿದ್ದ ಅವನ ಸೊಸೆ ಕಂಪ್ಯೂಟರಿನವಳು. ಅಲ್ಲೇ ಪ್ರಸಾದದ ಸಾಲಿನಲ್ಲಿ ನಿಂತು ನನ್ನ ವಿಳಾಸದ ಜಾತಕ ತೆಗೆದಳು.

ಸಂಗತಿ ಇಷ್ಟು. ನನ್ನ ಮೇಲು ಒಂದು ಕಂಪನಿಯ ಬಾಡಿಗೆ ಮೆಷಿನ್ನಿನಲ್ಲಿದೆ. ಅದೇ ಮೆಷಿನ್ನಿನಲ್ಲಿ ನನ್ನಂಥ ಎಷ್ಟೋ ಬಾಡಿಗೆದಾರರು. ಅವರಲ್ಲೊಬ್ಬ ಪುಣ್ಯಾತ್ಮ ಬೋಳುತಲೆಗೆ ಕೂದಲು ಬರಿಸುವ ಎಣ್ಣೆಯ ಜಾಹೀರಾತನ್ನು ಕಂಡಕಂಡವರಿಗೆಲ್ಲ ಕಳಿಸಿದ್ದಾನೆ. ಇಂಥವರ ಕಪ್ಪುಪಟ್ಟಿ ಬರೆದಿಡುವವರು ಅವನೊಬ್ಬನನ್ನು ಹಿಡಿಯುವ ಬದಲು ಇಡೀ ಮೆಷಿನ್ನಿನ ನಂಬರನ್ನೇ ಪಟ್ಟಿಗೆ ಹಾಕಿದ್ದಾರೆ. ಆ ಪಟ್ಟಿಯನ್ನು ನಂಬುವ ಕಡೆಗಳಲ್ಲೆಲ್ಲ ನನ್ನ ಮೇಲಿಗೂ ಬಾಗಿಲು ಬಂದ್. ನನಗೊಂದು ಮಾತು ಹೇಳುವ ಸೌಜನ್ಯವೂ ಇಲ್ಲ.

"ಅಂಕಲ್, ನಿಮ್ಮ ಹೆಸರಿನ ಮುಂದೆ 'ಪುವರ್ ರೆಪ್ಯುಟೇಶನ್' ಅಂತ ಬರೀತಿದೆ" ಅಂದಳು ಸೊಸೆ, ಸಂಕೋಚಪಡುತ್ತಾ.

ಇಷ್ಟು ವರ್ಷ ಒಂದೇ ಬೀದಿಯಲ್ಲಿ ಅಂಗಡಿ ನಡೆಸಿದವನಿಗೆ ಮರ್ಯಾದೆ ಸಾಲದಂತೆ. ನನಗೆ ನಖಶಿಖಾಂತ ಉರಿಯಿತು. ಗೆಳೆಯನಿಗೆ ಮಾತ್ರ ಗಾಬರಿ.

"ಭಾನುವಾರಗಳಲ್ಲಿ ಇವನ ಪಕ್ಕದಲ್ಲೇ ನಡೀತಿದ್ದೆ" ಅಂದ ಸೊಸೆಗೆ. "ನನ್ನ ಹೆಸರೂ ಇದೆಯಾ ಅಂತ ಒಂದ್ಸಲ ನೋಡಮ್ಮ."

೩. ತಪ್ಪೊಪ್ಪಿಗೆ

ಕಾರಣ ಗೊತ್ತಾದ ಮೇಲೆ ಬಿಗುಮಾನ ಬದಿಗಿಟ್ಟು ಬೀಗರಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ಅಂದರು:

"ಹಂಗ ಸುಮ್ಮಸುಮ್ಮನ ಯಾರ ಹೆಸರೂ ಪಟ್ಟಿಗೆ ಹತ್ತೂದಿಲ್ಲರಿ."

"ಅಂದ್ರೆ ನಾನು ಕೂದಲೆಣ್ಣೆ ಮಾರ್ತೀನಿ ಅಂತಲೋ?"

"ನಾ ಎಲ್ಲಿ ಹಂಗಂದೆ? ಪಟ್ಟಿಂದ ಹೊರಗ ಬರ್ರಿ. ಬಂದು ಒಂದು ಸಾಲು ಬರೀರಿ. ಅವತ್ತೇ ನಿಶ್ಚಯ ಇಟ್ಕೊಳ್ಳೂಣು."

ಸರಿ, ಹೊರಗೆ ಬರುವುದೇ ಅಂತ ಪಟ್ಟಿಯವರ ಅರ್ಜಿ ತೆಗೆದೆ. ಮೊದಲನೇ ಪ್ರಶ್ನೆ: ನೀವು ಸ್ಪ್ಯಾಮ್ ಕಳಿಸುವುದನ್ನು ನಿಲ್ಲಿಸಲು ಏನೇನು ಕ್ರಮ ತೆಗೆದುಕೊಂಡಿದ್ದೀರಿ? ನಾನು ಬರೆದೆ: ಶುರುವನ್ನೇ ಮಾಡಿಲ್ಲ, ನಿಲ್ಲಿಸುವುದು ಹೇಗೆ? ಉತ್ತರ ಸಮರ್ಪಕವಾಗಿಲ್ಲ ಅಂತ ಅರ್ಜಿ ವಾಪಸ್ ಬಂತು.

ಗೆಳೆಯನ ಸೊಸೆ ಬುದ್ಧಿ ಹೇಳಿದಳು: "ಅಂಕಲ್, ತಪ್ಪಾಯ್ತು, ಇನ್ಮೇಲೆ ಮಾಡಲ್ಲ ಅಂತ ಬರೆದುಬಿಡಿ. ಎಲ್ಲರೂ ಹಾಗೇ ಬರೆಯೋದು. ಬಿಟ್ಟುಬಿಡ್ತಾರೆ."

ಮಾಡದ ತಪ್ಪಿಗೆ ಕೈಮುಗಿಯುವುದು ನನ್ನ ಜಾಯಮಾನವಲ್ಲ. ಬೇಗ ಬಿಡಿಸಿಕೊಳ್ಳಬೇಕಿದ್ದರೆ ಫೀಸು ಕಟ್ಟಿ ಅಂತಲೂ ಕೆಳಗೊಂದು ದಾರಿ ತೋರಿಸಿದ್ದರು. ತಾವೇ ಬೀಗ ಹಾಕಿ, ತಾವೇ ಬೀಗದ ಕೈ ಮಾರುವ ವ್ಯಾಪಾರ. ನಾನೂ ವ್ಯಾಪಾರಿಯೇ. ಆದರೆ ಅಷ್ಟು ದೂರ ಹೋಗಿಲ್ಲ.

ಕಡೆಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಉಪಾಯ ಕಂಡಿತು: ತಕರಾರು ಇದ್ದವರು ಪಟ್ಟಿಗೆ ಸೇರಿರುವ ವಿಳಾಸದಿಂದಲೇ ನಮಗೆ ಮೇಲ್ ಮಾಡಿ. ಎರಡು ಪುಟದಷ್ಟು ತಕರಾರು ಬರೆದು, ಓದಿ, ತಿದ್ದಿ, ಕಳಿಸಿದೆ. ಒಂದೇ ನಿಮಿಷದಲ್ಲಿ ಉತ್ತರ ಬಂತು. ಇಷ್ಟು ಚುರುಕಾದ ಆಫೀಸು ಅಂದುಕೊಳ್ಳದೆ ಬೈದೆನಲ್ಲ ಅಂತ ಪಶ್ಚಾತ್ತಾಪಪಡುತ್ತಾ ತೆರೆದೆ.

"ನಿಮ್ಮ ವಿಳಾಸವು ಕಪ್ಪುಪಟ್ಟಿಯಲ್ಲಿರುವುದರಿಂದ ನಿಮ್ಮ ಮೇಲನ್ನು ಸ್ವೀಕರಿಸಲಾಗುವುದಿಲ್ಲ."

೪. ಇಷ್ಟೊಂದು ಪ್ರೀತಿ

"ನನ್ನ ಅಕೌಂಟಿಂದ ಕಳಿಸಿ ಅಪ್ಪಾ, ಡನ್" ಅಂದಳು ಮಗಳು.

"ಹುಡುಗಿಯ ಒಪ್ಪಿಗೆಯನ್ನ ಹುಡುಗಿಯ ವಿಳಾಸದಿಂದ ಅವಳಪ್ಪ ಬರೆಯೋದೇ? ಅವರು ಏನಂದುಕೊಂಡಾರು?"

"ದೆನ್ ಗೆಟ್ ಎ ನಾರ್ಮಲ್ ಅಡ್ರೆಸ್" ಅಂದು, ನನ್ನನ್ನು ಕೇಳದೆಯೇ ಒಂದು ಬಿಟ್ಟಿ ವಿಳಾಸ ಮಾಡಿಕೊಟ್ಟಳು. ನನ್ನ ಹೆಸರು, ಅದರ ಬಾಲಕ್ಕೆ ನಾಲ್ಕು ಅಂಕಿ. ಕೈದಿಗೆ ಕೊಡುತ್ತಾರಲ್ಲ, ಹಾಗೆ.

ಬೀಗರಿಗೆ ಬಳಸುವ ಮುಂಚೆ ಪರೀಕ್ಷೆ ಆಗಲಿ ಅಂತ ಹೆಂಡತಿಯ ತಂಗಿಗೆ ಬರೆದೆ. ನಾದಿನಿ ಇರುವುದು ಹತ್ತು ನಿಮಿಷದ ದಾರಿಯಲ್ಲಿ. ಆದರೂ ಅವಳಿಗೆ ನಾನಾಗಿ ಕಾಗದ ಬರೆದದ್ದು ಇಲ್ಲ. ಆ ದಿನ ಮನಸ್ಸೂ ಮೆತ್ತಗಿತ್ತು: "ಹೇಗಿದ್ದೀಯಮ್ಮ? ಆರೋಗ್ಯ ನೋಡಿಕೋ. ನಿನ್ನನ್ನು ನೋಡಿ ಬಹಳ ದಿನವಾಯಿತು, ಬಿಡುವಾದಾಗ ಮನೆ ಕಡೆ ಬಾ, ಊಟ ಮಾಡಿಕೊಂಡು ಹೋಗುವಿಯಂತೆ."

ಅರ್ಧ ಗಂಟೆಯಲ್ಲಿ ಹೆಂಡತಿಗೆ ಫೋನ್ ಬಂತು. ಸ್ಪೀಕರಿನಲ್ಲಿತ್ತು.

"ಅಕ್ಕಾ, ಯಾರೋ ಭಾವನ ಹೆಸರಲ್ಲಿ ಮೇಲ್ ಮಾಡ್ತಿದಾರೆ. ಹುಷಾರು. ಮೊದಲು ಹೀಗೆ ನಯವಾಗಿ ಮಾತಾಡಿಸಿ ಆಮೇಲೆ ದುಡ್ಡು ಕೇಳ್ತಾರಂತೆ."

"ಭಾವನೇ ಇರಬಹುದು ಕಣೇ."

"ಅಯ್ಯೋ ಛೆ. ಊಟಕ್ಕೆ ಬಾ ಅಂತ ಬರೆದಿದಾನೆ ಅಕ್ಕಾ. ಭಾವನನ್ನ ನಂಗೆ ಗೊತ್ತಿಲ್ವಾ? ಆಗಲೇ ಸ್ಪ್ಯಾಮ್ ಅಂತ ರಿಪೋರ್ಟ್ ಮಾಡಿಬಿಟ್ಟೆ."

೫. ಸರಟೋಗಾ ದಂಡಯಾತ್ರೆ

ಇನ್ನು ಯಾರ ಬುದ್ಧಿವಾದವೂ ಬೇಡವೆಂದು ಶನಿವಾರ ಅಂಗಡಿಗೆ ಬೀಗ ಹಾಕಿದೆ. ಶನಿವಾರ ನಾನು ಬೀಗ ಹಾಕಿದ್ದು ನೋಡಿ ಪಕ್ಕದ ಅಂಗಡಿಯವರು ಮನೆಯಲ್ಲಿ ಎಲ್ಲ ಕ್ಷೇಮವೇ ಅಂತ ಕೇಳಿದರು. ಹೆಂಡತಿ ಮಗಳನ್ನು ಕೂರಿಸಿಕೊಂಡು, ಹಣ್ಣು, ತೆಂಗಿನಕಾಯಿ, ಹೂವು ತೆಗೆದುಕೊಂಡು, ಫೋನ್ ಕೂಡ ಮಾಡದೆ ನೇರ ಸರಟೋಗಾ ಗುಡ್ಡ ಹತ್ತಿದೆ.

ಬೀಗರೇ ಬಾಗಿಲು ತೆಗೆದರು. "ಬರ್ರಿ, ಬರ್ರಿ, ಕೂಡ್ರಿ" ಅಂದರು. ಅವರ ಮನೆಯಾಕೆ ಕಾಫಿ ತಂದರು. ಹುಡುಗ ಮಗಳ ಮುಖ ನೋಡಿದ, ಮಗಳು ಕಾರ್ಪೆಟ್ ನೋಡಿದಳು.

"ನಾನು ಏಳು ಪತ್ರ ಬರೆದಿದೀನಿ" ಅಂದೆ. "ಅವು ನಿಮ್ಮ ಮನೆಯಲ್ಲೇ ಇದಾವೆ. ಹುಡುಕಿ ಕೊಡಿ."

"ಬಂದಿದ್ರ ಕಾಣ್ತಿದ್ವಲ್ಲರಿ."

"ತಡೆದಿಟ್ಟದ್ದು ಇರ್ತದಂತಲ್ಲ, ಅದನ್ನ ತೆಗೆದು ನೋಡಿದ್ರಾ?"

ಬೀಗರಿಗೆ ಈ ಪ್ರಶ್ನೆ ಹಿಡಿಸಲಿಲ್ಲ. "ಅದನ್ನ ನಾ ನೋಡೂದಿಲ್ಲರಿ. ನೋಡಿದ್ರ ನನ್ನ ಫಿಲ್ಟರ್ ಮ್ಯಾಲೆ ನನಗ ನಂಬಿಗಿ ಇಲ್ಲ ಅಂದಂಗ ಆತು."

"ನಿಮ್ಮ ನಂಬಿಗಿ ಸುಡ್ಲಿ" ಅಂದರು ಅವರ ಮನೆಯಾಕೆ. "ಹುಡುಗಿ ಮಾರಿ ನೋಡ್ರಿ, ಹೆಂಗ ಬಾಡೇದ. ತಗೀರಿ ಮೊದಲ."

ಲ್ಯಾಪ್‌ಟಾಪ್ ಬಂತು. ಬೀಗರು ಏನೋ ಒತ್ತಿದರು, ಕನ್ನಡಕ ಏರಿಸಿದರು, ಮತ್ತೆ ಇಳಿಸಿದರು. ಸಾಲಾಗಿ ಏಳೂ ಅಲ್ಲೇ ಕೂತಿದ್ದವು. ಮಗಳು ನನ್ನ ಪಕ್ಕಕ್ಕೆ ಸರಿದು ತೋಳು ಹಿಡಿದುಕೊಂಡಳು. "ಸಾರಿ ಅಪ್ಪಾ" ಅಂದಳು. ನನಗೆ ಅಷ್ಟೇ ಬೇಕಿತ್ತು. ಎದ್ದು ಹೊರಡಬಹುದಿತ್ತು. ಆದರೆ ಬೀಗಿತ್ತಿ ಅಷ್ಟರಲ್ಲಿ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು ಗಟ್ಟಿಯಾಗಿ ಓದಲು ಶುರುಮಾಡಿದ್ದರು.

ಮೊದಲನೆಯದು ಚೆನ್ನಾಗಿತ್ತು. "ತಮ್ಮಂಥ ಸುಸಂಸ್ಕೃತರ ಸಂಬಂಧ ನಮ್ಮ ಭಾಗ್ಯ." ಬೀಗರು ನಾಚಿದರು. ಮೂರನೆಯದರಲ್ಲಿ ಕ್ಷೇಮ ಸಮಾಚಾರ. ಐದನೆಯದು ಒಂದೇ ಸಾಲು. ಆರನೆಯದರಲ್ಲಿ "ತಮ್ಮ ಮೌನದ ಅರ್ಥ ನಮಗೆ ಆಗದೆ ಇಲ್ಲ" ಅಂತ ಬಂದಾಗ ಕಾಫಿ ಲೋಟಗಳು ಟೀಪಾಯಿಗೆ ಇಳಿದವು.

"ಏಳನೆಯದು ಬಿಡಿ" ಅಂದೆ. "ಅದು ಸ್ಪ್ಯಾಮೇ."

ಬೀಗಿತ್ತಿ ಬಿಡಲಿಲ್ಲ.

"'ಪಾತ್ರೆ ಮಾರುವವನೆಂದು ನನ್ನನ್ನು ಕೀಳಾಗಿ ಕಂಡಿದ್ದೀರಿ. ನಿಮ್ಮಂಥ ಒಣ ಪ್ರತಿಷ್ಠೆಯವರ ಮನೆಗೆ ಹೆಣ್ಣು ಕೊಡುವುದಕ್ಕಿಂತ ಅವಳನ್ನು ಅಂಗಡಿಯ ಗಲ್ಲಾದಲ್ಲಿ ಕೂರಿಸುವುದು ಮೇಲು. ನಿಮ್ಮ ಮನೆಯಲ್ಲಿ ಅನ್ನ ಬೇಯುವ ಕುಕ್ಕರಿಗೆ ನಿಮ್ಮ ಮಗ ಕೊಂಡೊಯ್ದ ಗ್ಯಾಸ್ಕೆಟ್ಟು ಕೂಡ ನನ್ನ ಅಂಗಡಿಯದೇ ಎಂಬುದು ನೆನಪಿರಲಿ.'"

ಬೀಗರು ನಿಧಾನವಾಗಿ ಲ್ಯಾಪ್‌ಟಾಪ್ ಕಡೆ ನೋಡಿ ಅಂದರು: "ಆರು ತಪ್ಪಿ ತಡದದ ಖರೆ. ಇದೊಂದನ್ನ ಬರೋಬರಿ ತಡದದ ನೋಡ್ರಿ."

ಮೊದಲು ನಕ್ಕದ್ದು ನನ್ನ ಹೆಂಡತಿ. ಆಮೇಲೆ ಎಲ್ಲರೂ ನಕ್ಕರು, ಯಾರು ಯಾರಿಗೆ ಸಾಕು ಅನ್ನುವಂತೆಯೂ ಇರಲಿಲ್ಲ. ನಾನು ಮಾತ್ರ ತಪ್ಪಾಯಿತು ಅನ್ನಲಿಲ್ಲ. ಆರು ಪತ್ರ ನುಂಗಿದ ಮನೆಗೆ ಏಳನೆಯದು ಅಷ್ಟು ಖಾರ ಇರಲೇಬೇಕು ಅಂದೆ. ಬೀಗರು ಅದನ್ನೂ ಒಪ್ಪಿ, ನನ್ನ ವಿಳಾಸಕ್ಕೆ ತಮ್ಮ ಕೈಯಾರೆ ಬಾಗಿಲು ತೆಗೆದುಕೊಟ್ಟರು. ಪಟ್ಟಿಯವರು ಇವತ್ತಿಗೂ ತೆಗೆದಿಲ್ಲ, ನಾನೂ ವಿಳಾಸ ಬದಲಾಯಿಸಿಲ್ಲ. ನಿಶ್ಚಯದ ದಿನ ಅಲ್ಲೇ ಗೊತ್ತಾಯಿತು.

ಏಳುವ ಹೊತ್ತಿಗೆ ಬೀಗಿತ್ತಿ ಅಂದರು: "ಅದೆಲ್ಲಾ ಇರ್ಲಿ ಅಣ್ಣಾರ. ಆ ಗ್ಯಾಸ್ಕೆಟ್ಟು ತಂದು ತಿಂಗಳಾಗಿಲ್ಲ, ಉಗಿ ಬಿಡ್ಲಿಕ್ಕೆ ಹತ್ತೇದ. ನಿಮ್ಮ ಅಂಗಡಿಗೆ ಎರಡು ಸಲ ಮೇಲ್ ಹಾಕೇನಿ. ಉತ್ತರಾನೇ ಇಲ್ಲ."

ಎರಡನ್ನೂ ನಾನು ಓದಿದ್ದೆ. ಯಾರೋ ತಕರಾರಿನ ಗಿರಾಕಿ ಅಂತ ಬದಿಗಿಟ್ಟಿದ್ದೆ. ಆದರೆ ಇಷ್ಟು ವರ್ಷದ ಕಸುಬು, ಬಾಯಿ ತಡವರಿಸಲಿಲ್ಲ.

"ಅವತ್ತೇ ಉತ್ತರ ಬರೆದಿದ್ದೆ ತಾಯಿ. ಏನು ಮಾಡೋದು, ಈ ಕಪ್ಪುಪಟ್ಟಿಯವರ ಕಾಟ."

ಬೀಗರು ಮತ್ತೆ ಕನ್ನಡಕ ಏರಿಸಿ, ತಡೆದಿಟ್ಟ ಮೇಲುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಬೆರಳಿಟ್ಟು ಎಣಿಸಿದರು. "ಏಳೇ ಅವ ನೋಡ್ರಿ" ಅಂದರು. "ನನ್ನ ಫಿಲ್ಟರ್ ತಡದಿದ್ರ ಎಂಟು ಇರಬೇಕಿತ್ತು."

ನಿಶ್ಚಯದ ದಿನ ತಾಂಬೂಲದ ತಟ್ಟೆಯಲ್ಲಿ ಸೀರೆ, ಹಣ್ಣು, ಅರಿಶಿನ ಕುಂಕುಮದ ಜೊತೆಗೆ ಮೂರು ಅಳತೆಯ ಹೊಸ ಗ್ಯಾಸ್ಕೆಟ್ಟುಗಳನ್ನೂ ಜೋಡಿಸಿಟ್ಟೆ. ಪುರೋಹಿತರು ಒಂದನ್ನು ಎತ್ತಿ ಹಿಡಿದು, ಇದು ಯಾವ ಶಾಸ್ತ್ರ ಅಂತ ಕೇಳಿದರು.

"ನಮ್ಮ ಕಡೆಯ ಪದ್ಧತಿ ಸ್ವಾಮಿ" ಅಂದೆ.